ಮುಖಕ್ಕೆ ಹಾಕಿದ ಗೋಣಿ

ನಿರ್ದೇಶಕರಿಗೆ,

ನೀವು ಶೂಟಿಂಗ್ ಮಾಡುತ್ತಿರುವ ಬಾಳ್ಳುಪೇಟೆಯ ಕಾಫಿ ಸ್ಟೋರಿನಲ್ಲಿ ಮೂಟೆಗಳ ಲೆಕ್ಕ ಬರೆಯುವ ರೈಟರ್ ಅಸಾದುಲ್ಲಾ ಬರೆಯುತ್ತಿದ್ದೇನೆ. ನಿಮ್ಮ ಸಿನಿಮಾದಲ್ಲಿ ಪೊಲೀಸರು ಗುಟ್ಟಾಗಿ ಕೂಡಿಹಾಕಿದ ಕೈದಿಯ ಪಾತ್ರ ನನ್ನದೇ.

ಮುಖಕ್ಕೆ ಕಾಫಿಯ ಗೋಣಿಚೀಲ ಹಾಕಬೇಡಿ ಎಂದು ಇವತ್ತು ಮೂರು ಸಲ ಹೇಳಿದೆ. ನೇಯ್ಗೆಯ ಸಂದಿಯಲ್ಲಿ ಎಲ್ಲ ಕಾಣುತ್ತದೆ. ಹೊಡೆಯುವವರು ಯಾರೆಂದು ಕಾಣಬಾರದೆಂದೇ ಅಲ್ಲವೇ ಮುಖ ಮುಚ್ಚುವುದು? ನೀವು ಕೇಳಲಿಲ್ಲ. ನಾಲ್ಕನೇ ಟೇಕಿಗೆ ರೇಗಿಹೋಗಿ, "ಒದ್ದೆ ಬಟ್ಟೆಯನ್ನು ಎರಡು ಸುತ್ತು ಸುತ್ತುತ್ತಾರೆ, ಗಂಟು ಕಿವಿಯ ಹಿಂದೆ ಬರುತ್ತದೆ" ಎಂದುಬಿಟ್ಟೆ.

"ಒಳಗಿದ್ದು ಬಂದೋನಂಗೆ ಹೇಳ್ತೀಯಲ್ಲೋ ಮಾರಾಯ," ಎಂದ ಪೊಲೀಸ್ ವೇಷದ ಬಸವರಾಜು. ಎಲ್ಲರೂ ನಕ್ಕರು. ನಿಮಗೆ ಊಟ ಬಡಿಸುತ್ತಿದ್ದ ನನ್ನ ಹೆಂಡತಿ ಗೌಸಿಯಾ ನಗಲಿಲ್ಲ. ಹೋದ ವರ್ಷ ಹತ್ತೊಂಬತ್ತು ದಿನ ನಾನು ಕಾಫಿ ಲೋಡಿನ ಲಾರಿಯ ಜೊತೆ ಕೇರಳಕ್ಕೆ ಹೋಗಿದ್ದೆನೆಂದು ಅವಳು ನಂಬಿದ್ದಾಳೆ. ಸಂಜೆಯಿಂದ ನನ್ನ ಮಣಿಕಟ್ಟುಗಳನ್ನೇ ನೋಡುತ್ತಿದ್ದಾಳೆ.

ಗೋಣಿಯನ್ನೇ ಹಾಕಿ, ನಾನು ಇನ್ನು ಬಾಯಿ ಹಾಕುವುದಿಲ್ಲ. ಒಂದು ಉಪಕಾರ ಮಾಡಿ. ನಾಳೆ ಅವಳು ನಿಮ್ಮನ್ನು ಕೇಳಿಯೇ ಕೇಳುತ್ತಾಳೆ. ನಿಮ್ಮ ಮಾತನ್ನಾದರೂ ನಂಬಿಯಾಳು. ಆ ಗಂಟಿನ ವಿಷಯ ನೀವೇ ನನಗೆ ಹೇಳಿಕೊಟ್ಟಿದ್ದು ಎನ್ನಿ.

ಇಂತಿ,
ಅಸಾದುಲ್ಲಾ