ಹುಲಿಗೆವ್ವ ಹೇಳಿದ ಸರಿಯಾದ ವಾಕ್ಯ

ಹೊಳೆತಳ, ಕ್ರಿ.ಶ. 2231
ಜಲಾಶಯ ಬತ್ತಿದ ಮೇಲಿನ ಎಂಬತ್ತನೆಯ ಬೇಸಿಗೆ

ಇಂಗ್ಲಿಷ್ ಪಾಠ ಹೇಳುವ ಹಿಂದಿನ ಕಾಲದ ಗುರುಗಳೇ,

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ನೀಲಗಂಗಾ. ತುಂಗಭದ್ರೆಯ ಜಲಾಶಯವಿದ್ದ ಕಡೆ, ಬಿರುಕುಬಿಟ್ಟ ಹೂಳಿನ ಮೇಲೆ ಹುಟ್ಟಿಕೊಂಡ ಹೊಳೆತಳವೆಂಬ ಊರಿನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಕೊಳವೆಯಲ್ಲಿ ಸಿಹಿನೀರು ಬರುವ ಪಟ್ಟಣವನ್ನು ನಾವು ನೀರೂರು ಎನ್ನುತ್ತೇವೆ. ಅಲ್ಲಿ ನೆಲೆಸಬೇಕಾದರೆ ಹೆಬ್ಬಾಗಿಲಲ್ಲಿ ನಿಂತು ಇಂಗ್ಲಿಷಿನ ಬಾಯಿಪರೀಕ್ಷೆ ಪಾಸಾಗಬೇಕು. ನೀರಿನ ಒಡೆಯರು ಪರದೇಶದವರು, ಅವರ ಭಾಷೆಯಲ್ಲೇ ಬೇಡಬೇಕು. ಕೇಳುವುದೆಲ್ಲ ಭವಿಷ್ಯತ್ಕಾಲ: ಒಳಗೆ ಬಂದು ಏನು ಮಾಡುವಿರಿ, ಹೇಗೆ ನಡೆದುಕೊಳ್ಳುವಿರಿ?

ಅದು ನಮ್ಮವರಿಗೆ ಕಷ್ಟ. 'ಈಗ ಹೋಗ್ತೀನಿ', 'ನಾಳೆ ಹೋಗ್ತೀನಿ' ಎರಡಕ್ಕೂ ನಮ್ಮ ನಾಲಿಗೆಯಲ್ಲಿ ಒಂದೇ ರೂಪ. ಅದಕ್ಕೆ ನೆಲದ ಮೇಲೆ ಸುಣ್ಣದ ಗೆರೆ ಎಳೆದೆ. ಈಚೆ ಇವತ್ತು, ಆಚೆ ನಾಳೆ. ಗೆರೆ ದಾಟಿದವರು 'ಐ ವಿಲ್' ಎಂದು ವಾಕ್ಯ ಶುರು ಮಾಡಬೇಕು. ಮುದುಕಿಯರೂ ನೆರಿಗೆ ಎತ್ತಿಕೊಂಡು ದಾಟುತ್ತಿದ್ದರು. ಪಕ್ಕದವರ ನಾಳೆಯನ್ನು ಊಹಿಸುವ ಆಟವೂ ಇತ್ತು. ಹಲ್ಲಿಲ್ಲದ ಬಾಳಪ್ಪಜ್ಜನಿಗೆ ಯಾರೋ 'ಯು ವಿಲ್ ಮ್ಯಾರಿ ಅಗೇನ್' ಎಂದು ಇನ್ನೊಂದು ಮದುವೆ ಮಾಡಿಸಿದಾಗ ತರಗತಿಯೇ ನಕ್ಕು ಉರುಳಾಡಿತ್ತು.

ಪಠ್ಯ ನಿಮ್ಮ ಕಾಲದ್ದೇ, ಮರುಮುದ್ರಣ. ಅದರಲ್ಲಿ ಎಲ್ಲರೂ ಒಟ್ಟಾಗಿ ಹೇಳಬೇಕಾದ ವಾಕ್ಯವೊಂದಿದೆ: 'ವಿ ವಿಲ್ ಪ್ರೊಟೆಕ್ಟ್ ಅವರ್ ರಿವರ್.' ನಮ್ಮ ನದಿಯನ್ನು ಕಾಪಾಡುವೆವು. ಅರ್ಥ ಹೇಳಿದ ಕೂಡಲೇ ರೊಟ್ಟಿ ಅಂಗಡಿಯ ಹುಲಿಗೆವ್ವ ಎದ್ದು ನಿಂತಳು. ಉಪ್ಪುನೀರು ಕುಡಿದು ಅವಳ ಮಗಳ ಮೂತ್ರಪಿಂಡ ಕೆಟ್ಟಿತ್ತು. ಸಿಹಿನೀರಿಲ್ಲದೆ ಹುಡುಗಿ ಉಳಿಯುವಂತಿರಲಿಲ್ಲ.

"ಅಕ್ಕೋರ, ಆಗಿನ ಕಾಲದಾಗ ಹಿಂಗ ಅಂದೋರು ಪಾಸಾದ್ರೇನ್ರೀ?" ಎಂದು ಕೇಳಿದಳು.

"ಆದ್ರವ್ವ," ಎಂದೆ.

ಎಷ್ಟು ತಲೆಮಾರಿನ ಮಕ್ಕಳಿಂದ ಅದನ್ನು ಹೇಳಿಸಿದಿರಿ, ಗುರುಗಳೇ? 'ವಿಲ್' ತನ್ನ ಜಾಗದಲ್ಲಿದೆಯೇ ಎಂದಷ್ಟೇ ನೋಡಿದಿರಿ. ಗಂಟೆ ಹೊಡೆಯಿತು, ಮನೆಗೆ ಹೋದಿರಿ. ಹೊಳೆಯೂ ಹೋಯಿತು.

ಪರೀಕ್ಷೆಯ ದಿನ ಪರೀಕ್ಷಕನಾಗಿ ಬಂದವನು ವಿಭಾಕರ. ಹೊಳೆತಳದಲ್ಲೇ ಹುಟ್ಟಿ, ಪಾಸಾಗಿ, ನೀರೂರು ಸೇರಿದವನು. ಒಳಗೆ ಹೋಗಿ ಏನು ಮಾಡುವೆ ಎಂದು ಹುಲಿಗೆವ್ವನನ್ನು ಇಂಗ್ಲಿಷಿನಲ್ಲಿ ಕೇಳಿದ. 'ಐ ವಿಲ್ ಒಬೇ', ಹೇಳಿದಂತೆ ಕೇಳುವೆ ಎಂಬ ಉತ್ತರವನ್ನು ಅವಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೆ. ಅವಳು ಅವನ ಮುಖ ನೋಡಿ ನಿಧಾನವಾಗಿ ಹೇಳಿದಳು: "ಐ ವಿಲ್ ಟೇಕ್ ಮೈ ವಾಟರ್." ನನ್ನ ನೀರನ್ನು ನಾನು ತಗೊಳ್ಳುವೆ.

"ಫೇಲ್," ಎಂದ ವಿಭಾಕರ.

"ಯಾವ ಪದ ತಪ್ಪು ಅದ, ತೋರಿಸು," ಎಂದೆ.

"ಪದ ಎಲ್ಲಾ ಸರಿ ಅದಾವ್ರೀ ಟೀಚರ್. ಆ ಮಾತಿಗೆ ಅಂಕ ಇಲ್ಲ."

"ವ್ಯಾಕರಣ ಕೇಳ್ತೀನಿ ಅಂತ ಕರದು, ಬಗ್ಗಿದ ಬೆನ್ನಿಗೆ ಅಂಕ ಕೊಡ್ತೀಯೇನೋ?" ಎಂದು ಕೂಗಿದೆ. ಅವನು ಮುಂದಿನವರನ್ನು ಕರೆದ. ಬಾಳಪ್ಪಜ್ಜ ಬಂದು ಹುಲಿಗೆವ್ವನ ವಾಕ್ಯವನ್ನೇ ಹೇಳಿದ. ಆಮೇಲೆ ಬಂದವರೂ ಅದನ್ನೇ ಹೇಳಿದರು. ಎಲ್ಲರೂ ಫೇಲಾದರು. ನೀರೂರಿನವರು ಕೊಟ್ಟಿದ್ದ ಕಲಿಸುವ ಪರವಾನಗಿಯನ್ನು ನನ್ನಿಂದ ಅಲ್ಲೇ ಕಿತ್ತುಕೊಂಡರು.

ಯಾರೂ ಊರಿಗೆ ಮರಳಲಿಲ್ಲ. ಹುಲಿಗೆವ್ವ ಮಾತ್ರ ಹೋಗಿ ಮಗಳನ್ನು ಹೊತ್ತು ತಂದು ಹೆಬ್ಬಾಗಿಲಿಗೆ ಅಡ್ಡಲಾಗಿ ಮಲಗಿಸಿದಳು, ನಾವೆಲ್ಲ ಸುತ್ತ ಕುಳಿತೆವು. ನೀರೂರಿಗೆ ದವಸ ತರುವ ಲಾರಿಗಳು ಸಾಲುಗಟ್ಟಿ ನಿಂತವು. ಒಳಗೆ ಅಂಗಡಿಗಳು ಖಾಲಿಯಾದ ಮೇಲೆ ಒಡೆಯರು ಬಾಗಿಲ ಹೊರಗೆ ಒಂದು ನಲ್ಲಿ ಹಾಕಿಸಿದರು. ಬಾಗಿಲು ತೆರೆಯಲಿಲ್ಲ, ನಲ್ಲಿಯಷ್ಟೇ. ಹುಡುಗಿ ಬದುಕಿದ್ದಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ಆ ನಲ್ಲಿಯ ಪಕ್ಕದಲ್ಲೇ, ಪರವಾನಗಿ ಇಲ್ಲದೆ, ನಾನೀಗ ಪಾಠ ಮಾಡುತ್ತೇನೆ. ವಿಭಾಕರ ಇಂದಿಗೂ ಪರೀಕ್ಷೆಗೆ ಬರುತ್ತಾನೆ. ನಾವು ಮಾತಾಡುವುದಿಲ್ಲ.

ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ನಿಮ್ಮ ತರಗತಿಯಲ್ಲೂ ಒಬ್ಬರು ಎದ್ದು, ನಿಮಗೆ ಹಿಡಿಸದ ವಾಕ್ಯವೊಂದನ್ನು ತಪ್ಪಿಲ್ಲದೆ ಹೇಳಿಯಾರು. ಅವರಿಗೆ ಅಂಕ ಕೊಡಿ. ಕೊಡಲು ಕೈ ಬಾರದಿದ್ದರೆ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ನಡೆಯಿರಿ.

ನೀಲಗಂಗಾ