ತಂತಿಯ ಮೇಲಿನ ಬಿಳಿ ಅಂಗಿ

ಅಮ್ಮಾ,
ಪುಟ್ಟಿಗೆ ಕೆಮ್ಮು ಇನ್ನೂ ಬಿಟ್ಟಿಲ್ಲ. ಅವಳು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ಈ ಊರಿನ ಹೊಸ ಕಾರ್ಖಾನೆಯ ಮಸಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ಹೋದ ವಾರ ಅವಳ ಬಿಳಿ ಅಂಗಿಯನ್ನು ಮತ್ತೆ ಒಗೆಯಲು ಕೂತಿದ್ದೆ. ಪಕ್ಕದ ಮನೆಯ ಟೀಚರಕ್ಕ, "ಅಯ್ಯೋ ಹುಡುಗಿ, ಸಾಕ್ಷಿನೇ ತೊಳೆದುಹಾಕ್ತಿದ್ದೀಯಲ್ಲೇ!" ಎಂದು ಕಿತ್ತುಕೊಂಡರು. ಇಲ್ಲಿಯ ಹೆಂಗಸರು ಮನೆಗೊಂದು ಬಿಳಿ ಬಟ್ಟೆಯನ್ನು ವಾರವಿಡೀ ತಂತಿಯ ಮೇಲೆ ಬಿಟ್ಟು, ಭಾನುವಾರ ಶಾಲೆಯ ಗೋಡೆಗೆ ನೇತುಹಾಕಿ ಎಲ್ಲರಿಗೂ ತೋರಿಸುತ್ತಾರೆ. "ಹೊಗೆ ಮೇಲೆ ಹೋಗುತ್ತಮ್ಮ, ಕೆಳಗೆಲ್ಲಿ ಬರುತ್ತೆ?" ಎನ್ನುತ್ತಿದ್ದ ಕಾರ್ಖಾನೆಯ ಮ್ಯಾನೇಜರ್ ಈ ಸಲ ಪುಟ್ಟಿಯ ಅಂಗಿಯ ಮೇಲೆ ಬೆರಳಾಡಿಸಿ, ಅಂಟಿದ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಚಿಮಣಿಗೆ ಫಿಲ್ಟರ್ ಹಾಕಿಸಿ ಎಂದರೆ ಮಾತ್ರ "ನೋಡೋಣ" ಎಂದು ಹೊರಟುಬಿಟ್ಟರು. ಅದು ನೀನು ಹೊಲಿದ ಅಂಗಿ, ಬೇಜಾರಾಗಬೇಡ. ಪುಟ್ಟಿ ಎದ್ದಳು, ಒಂದೇ ಮಾತು. ಕೊಳೆ ಕಾಣದ ಬಣ್ಣದ್ದು ಕಳಿಸು ಎಂದು ಬರೆದಿದ್ದೆನಲ್ಲ, ಬೇಡ. ಬಿಳಿಯದೇ ಹೊಲಿ.
ನಿನ್ನ ಮಗಳು