ಕನ್ನಡಿಯಂಥ ಗಲ್ಲ

ಮಂಗಳವಾರ, ೧೨ ನವೆಂಬರ್ ೨೦೨೪. ದೊಡ್ಡಗಾಜನೂರು.

ಗಲ್ಲ ಇನ್ನೂ ಉರಿಯುತ್ತಿದೆ. ಮುಟ್ಟು ನಿಂತು ಐದು ತಿಂಗಳಾಯಿತು, ಗಲ್ಲದ ತುಂಬ ಗಡ್ಡ ಬೆಳೆದಿತ್ತು. ಡಾಕ್ಟರಿಗೆ ತೋರಿಸಬೇಕಿದ್ದದ್ದೇ ಅದು. ಆದರೆ ಇವತ್ತು ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತುವ ಮೊದಲು ಅವ್ವ ನನ್ನನ್ನು ತಾಳವಾಡಿಯ ಪಾರ್ಲರಿಗೆ ಎಳೆದೊಯ್ದು, ಒಂದೊಂದು ಕೂದಲನ್ನೂ ದಾರದಿಂದ ಕೀಳಿಸಿದಳು.

“ಗಡ್ಡ ಬುಟ್ಕಂಡು ಡಾಕುಟ್ರು ಮುಂದ ಕುಂತ್ಕಂಡೀಯಾ? ಎಣ್ಣು ಕಣವ್ವ ನೀನು!”

ಕಾಯಿಲೆ ತೋರಿಸಲು ಹೊರಟು, ಕಾಯಿಲೆಯನ್ನೇ ಪಾರ್ಲರಿನ ಕಸಕ್ಕೆ ಹಾಕಿ ಹೋಗುವ ಮಾನವಂತರು ನಾವು.

ಆ ಡಾಕ್ಟರೋ, ಕುರ್ಚಿಯಿಂದ ಏಳಲೇ ಇಲ್ಲ. “ಅಂಡಾಶಯದ ತೊಂದರೆ, ಪಿಸಿಓಡಿ ಇರೋರು ದಪ್ಪ ಇರ್ತಾರೆ, ಮುಖದಲ್ಲಿ ಕೂದಲಿರುತ್ತೆ. ನಿನ್ನ ಮುಖ ಕನ್ನಡಿ ಇದ್ದಂಗಿದೆ. ಸ್ಕ್ಯಾನೆಲ್ಲ ಬೇಡ, ಚೆನ್ನಾಗಿ ತಿನ್ನು.” ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತೊಡೆ ಚಿವುಟಿದಳು. ಕನ್ನಡಿಯಂತೆ! ಅದರಲ್ಲಿ ತನ್ನ ದಡ್ಡತನ ಮಾತ್ರ ಆತನಿಗೆ ಕಾಣಲಿಲ್ಲ.

ಬಸ್ಸಿನಲ್ಲಿ ಅವ್ವನಿಗೆ ಹಿಗ್ಗೋ ಹಿಗ್ಗು. “ನೋಡ್ದಾ, ನಿಂಗ ಏನೂ ಇಲ್ವಂತ ಕಣವ್ವ.”

ಈಗ ಗಲ್ಲ ಸವರಿಕೊಂಡರೆ ದವಡೆಯ ಅಡಿಯಲ್ಲಿ ಒಂದು ಕೂದಲು ಬೆರಳಿಗೆ ಚುಚ್ಚಿತು. ದಾರಕ್ಕೆ ಸಿಗದೆ ಉಳಿದದ್ದು. ಈ ಮನೆಯಲ್ಲಿ ನಿಜ ಹೇಳುತ್ತಿರುವುದು ಅದೊಂದೇ. ಕೀಳುವುದಿಲ್ಲ, ಸಾಕುತ್ತೇನೆ. ಮುಂದಿನ ಸಲ ಡಾಕ್ಟರ ಹತ್ತಿರ ನಾನು ಮತ್ತು ಅದು, ಇಬ್ಬರೇ.